ಹಿಂಡಿ ಬೆರೆತ ಅಂಟು

ಲಗ್ಗೆರೆ
9 ಜೂನ್ 2025

ಲೋ ದೊಡ್ಡಮುನಿ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಒಂದು ವರ್ಷ ಎಂಟು ತಿಂಗಳಾಯಿತು. ನಮ್ಮ ಮನೆಯಾಕೆ ಭಾಗ್ಯಮ್ಮನ ಫೋನಿಂದ ಮಾಡಿದೆ, ಅದೂ ಬ್ಲಾಕು. ಪಕ್ಕದ ಮನೆ ಟೈಲರ್ ಫೋನಿಂದ ಮಾಡಿದೆ, ಅವನನ್ನೂ ಬ್ಲಾಕ್ ಮಾಡಿಬಿಟ್ಟೆ. ಪಾಪ, ಅವನು ನಿನಗೇನು ಮಾಡಿದ್ದ? ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ನಾನು ಓದಿದ್ದು ಐದನೇ ಕ್ಲಾಸು, ನೀನು ಮೂರು. ನಿಮ್ಮ ಮನೆಯಲ್ಲಿ ಎಸೆಸೆಲ್ಸಿ ಅಂದರೆ ನಿನ್ನ ಹೆಂಡತಿ ಗೌರಮ್ಮ ಒಬ್ಬಳೇ. ಅವಳ ಕೈಲಿ ಓದಿಸಿಕೋ. ಬೈಗುಳ ಬಂದ ಕಡೆ ಅವಳು ಕೆಮ್ಮಿ ಮುಂದಕ್ಕೆ ಹೋಗುತ್ತಾಳೆ, ನೀನೇ ತುಂಬಿಸಿಕೋ.

ವಿಷಯಕ್ಕೆ ಬರುತ್ತೇನೆ. ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಲ್ಲಿ ಚಿಕ್ಕ ಮಕ್ಕಳ ಸ್ಕೂಲಿದೆ. ಅವರ ಪುಸ್ತಕದ ಶೆಲ್ಫುಗಳಿಗೆ ನಮ್ಮ ಪೀಣ್ಯದ ಪ್ಲೈವುಡ್ಡೇ ಹೋಗಿತ್ತು. ಶೆಲ್ಫು ನಿಂತ ಮೂರನೇ ದಿನಕ್ಕೆ ಮಕ್ಕಳ ಕಣ್ಣಲ್ಲಿ ನೀರು. ಮೂಗು ಉರಿ. ಟೀಚರು ಶೆಲ್ಫುಗಳಿಗೆಲ್ಲ ಬೆಡ್‌ಶೀಟ್ ಹೊದೆಸಿ ಫೋಟೋ ಕಳಿಸಿದ್ದಾರೆ, ಶೆಲ್ಫುಗಳಿಗೇ ಚಳಿಜ್ವರ ಬಂದ ಹಾಗೆ.

ಅದು ನನ್ನ ಅಂಟಿನ ವಾಸನೆ ಕಣೋ. ಗ್ಲೂ ರೂಮಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಗುದ್ದುತ್ತಲ್ಲ, ಅದೇ ಗ್ಯಾಸು. ನಾವಿಬ್ಬರೂ ಇಪ್ಪತ್ತೆರಡು ವರ್ಷ ಅದನ್ನೇ ಉಸಿರಾಡಿದ್ದೇವೆ, ನಮಗದು ಊದುಬತ್ತಿ. ಮಕ್ಕಳಿಗೆ ಹಾಗಲ್ಲ. ಒಣಗಿದ ಮೇಲೂ ಹಲಗೆಯಿಂದ ಅದು ತಿಂಗಳುಗಟ್ಟಲೆ ಹೊರಗೆ ಬರುತ್ತಲೇ ಇರುತ್ತದಂತೆ.

ಟೆಸ್ಟಿಂಗಿಗೆ ದಾವಣಗೆರೆ ಕಡೆಯ ಶೈಲಜಾ ಮೇಡಂ ಅಂತ ಹೊಸಬರು ಬಂದಿದ್ದಾರೆ. ಹಲಗೆ ಚೂರುಗಳನ್ನು ಗಾಜಿನ ಜಾಡಿಯಲ್ಲಿಟ್ಟು, ಜೊತೆಗೆ ಒಂದು ಬಟ್ಟಲು ನೀರಿಟ್ಟು, ಮುಚ್ಚಳ ಹಾಕಿ ಒಂದು ದಿನ ಬಿಡುತ್ತಾರೆ. ಹೊರಬಂದ ಗ್ಯಾಸನ್ನು ನೀರು ಕುಡಿಯುತ್ತದೆ. ಆಮೇಲೆ ನೀರನ್ನು ಪರೀಕ್ಷೆ ಮಾಡಿ ಒಂದು ನಂಬರ್ ಹೇಳುತ್ತಾರೆ. ಸ್ಕೂಲಿನವರು ಕೇಳಿರುವುದು ಒಂದೂವರೆಗಿಂತ ಕಡಿಮೆ. ನಮ್ಮದು ಬಂದಿದ್ದು ನಾಲ್ಕು ಪಾಯಿಂಟ್ ಎಂಟು. ನಾನು ಸ್ಕೂಲಲ್ಲಿದ್ದಾಗ ಇಷ್ಟು ಮಾರ್ಕ್ಸ್ ತೆಗೆದಿದ್ದರೆ ಅಪ್ಪ ಕುಣಿಯುತ್ತಿದ್ದ. ಇಲ್ಲಿ ಜಾಸ್ತಿ ತೆಗೆದವನೇ ಫೇಲು.

ನಂದೀಶ್ ಸಾಹುಕಾರ್ರು ಗ್ಲೂ ರೂಮಿಗೆ ಬಂದು ಹೇಳಿದರು: "ಹನುಮಂತಣ್ಣ, ಆಗಸ್ಟ್ ಕೊನೆವರ್ಗೂ ಟೈಮ್. ಅಷ್ಟ್ರಲ್ಲಿ ಒಂದೂವರೆ ಬರ್ಲಿಲ್ಲ ಅಂದ್ರೆ ಪ್ರೆಸ್ಸು ಗುಜರಿಗೆ ಹಾಕ್ತೀನಿ. ಶೆಡ್ಡನ್ನ ಗೋಡೌನ್‌ಗೆ ಕೇಳ್ತಿದಾರೆ."

ಹದಿನಾಲ್ಕು ಜನ ಇದ್ದೇವೆ. ನನಗೆ ಐವತ್ತೆರಡು. ಬೇರೆ ಕೆಲಸಕ್ಕೆ ಹೋದರೆ "ಏನ್ ಗೊತ್ತು?" ಅನ್ನುತ್ತಾರೆ, "ಕಲಸೋದು" ಅಂದರೆ ಬೋಂಡ ಅಂಗಡಿಗೆ ಕಳಿಸುತ್ತಾರೆ. ಅಂಟನ್ನು ನಾನು ಹೇಗಾದರೂ ಸರಿ ಮಾಡುತ್ತೇನೆ. ಅಂಟು ಸವರಿದ ಪದರಗಳನ್ನು ಬಿಸಿ ಪ್ರೆಸ್ಸಲ್ಲಿ ಒತ್ತುವುದಕ್ಕೆ ನೀನು ಬೇಕು. ನೀನು ಬಿಟ್ಟುಹೋದ ಮೇಲೆ ಪ್ರೆಸ್ಸಲ್ಲಿ ಶಿವರಾಜ್ ನಿಂತಿದ್ದಾನೆ, ಒಳ್ಳೆಯವನೇ, ಆದರೆ ಬಝರ್ ಹೇಳಿದ್ದೇ ವೇದ ಅವನಿಗೆ.

ನಾಲ್ಕು ದಿನ ಬಾರೋ.

ಇನ್ನೂ ಬ್ಲಾಕಲ್ಲಿರುವ
ಹನುಮಂತರಾಯಪ್ಪ


ವರ್ತೂರು
21 ಜೂನ್ 2025

ಹನುಮಂತರಾಯಪ್ಪನಿಗೆ,

ಪ್ರೆಸ್ಸು ಬೇಗ ತೆಗೆದು ಮುನ್ನೂರು ಶೀಟು ಹಾಳು ಮಾಡಿದವನು ನಾನು. ಆ ಮಾತು ಸಾಹುಕಾರ್ರ ಮುಂದೆ ಹೇಳಿದವನು ನೀನು. ಅಂಥ ಕೈ ಈಗ ಯಾಕೆ ಬೇಕಾಯಿತು?

ನನಗೆ ಮೂರು ಹಸು ಇವೆ. ಅವು ಯಾರ ಮೇಲೂ ಚಾಡಿ ಹೇಳುವುದಿಲ್ಲ.

ದೊಡ್ಡಮುನಿಯಪ್ಪ

ಅಣ್ಣಾ, ಇದು ಗೌರಮ್ಮ ಬರೆಯುತ್ತಿರುವುದು. ಅವರು ಹೇಳಿದ್ದು ಅಷ್ಟೇ. ಆದರೆ ನಿಮ್ಮ ಕಾಗದವನ್ನು ಮೂರು ಸಲ ಓದಿಸಿಕೊಂಡರು. ಬೋಂಡ ಅಂಗಡಿ ಬಂದಾಗ ಎದ್ದು ಹೊರಗೆ ಹೋದರು, ನಗು ಬಂದರೆ ಯಾವಾಗಲೂ ಹಾಗೆಯೇ.


ಲಗ್ಗೆರೆ
6 ಜುಲೈ 2025

ಮುನಿ,

ಆ ಹಳೇದೆಲ್ಲ ಈಗ ಬಿಡೋ. ಆಮೇಲೆ ಮಾತಾಡೋಣ. ಮೊದಲು ಇಲ್ಲಿಯ ಸರ್ಕಸ್ಸು ಕೇಳು.

ಶೈಲಜಾ ಮೇಡಂ ಹೇಳಿದರು, ಅಂಟಿಗೆ ಕಡೆಯಲ್ಲಿ ಒಂದಿಷ್ಟು ಯೂರಿಯಾ ಹಾಕಿದರೆ ಅದು ಮಿಕ್ಕಿರುವ ಗ್ಯಾಸನ್ನು ಹಿಡಿದುಕೊಳ್ಳುತ್ತದೆ ಅಂತ. ಹೊಲಕ್ಕೆ ಹಾಕುತ್ತೀವಲ್ಲ, ಅದೇ. ಅವರು ಹೇಳಿದ್ದು ಒಂದು ಮಗ್ಗು. ನನ್ನ ಕೈ ನಿನಗೆ ಗೊತ್ತಲ್ಲ, ಬೆಳೆ ಚೆನ್ನಾಗಿ ಬರಲಿ ಅಂತ ಮೂರು ಮಗ್ಗು ಹಾಕಿದೆ. ನಂಬರ್ ಎರಡಕ್ಕೆ ಇಳಿಯಿತು! ಗ್ಲೂ ರೂಮಲ್ಲಿ ಡ್ಯಾನ್ಸ್ ಮಾಡಿದೆ. ಆಮೇಲೆ ಮೇಡಂ ಅದೇ ಹಲಗೆಯನ್ನು ಬಿಸಿನೀರಲ್ಲಿ ಮೂರು ಗಂಟೆ ಮುಳುಗಿಸಿದರು. ತೆಗೆದಾಗ ಹಲಗೆಯ ಪದರಗಳು ಈರುಳ್ಳಿ ಸಿಪ್ಪೆ ಥರ ಬಿಟ್ಟುಕೊಂಡಿದ್ದವು.

"ಅಣ್ಣಾರೆ, ಯೂರಿಯಾ ಜಾಸ್ತಿ ಆದ್ರ ಗ್ಯಾಸು ಸಾಯ್ತದ, ಅದರ ಜೋಡಿ ಅಂಟಿನ ಬಿಗೀನೂ ಸಾಯ್ತದ್ರಿ," ಅಂದರು.

"ಮೇಡಂ, ವಾಸ್ನೆ ಹೋಗ್ಬೇಕು, ಬಿಗಿ ಇರ್ಬೇಕು. ನಮ್ ಭಾಗ್ಯಮ್ಮನೂ ನನ್ ಬಗ್ಗೆ ಇದನ್ನೇ ಕೇಳ್ತಾಳೆ," ಅಂದೆ.

ಅವರು ನಗುತ್ತಲೇ ಒಂದು ದಾರಿ ಹೇಳಿದರು. ಅಂಟು ದಪ್ಪ ಆಗಲಿ ಅಂತ ನಾವು ಮೈದಾ ಬೆರೆಸುತ್ತೇವಲ್ಲ, ಅದು ಬರೀ ಹೊಟ್ಟೆ ತುಂಬಿಸುತ್ತದೆ ಅಷ್ಟೇ. ಅದರ ಬದಲು ಪ್ರೋಟೀನ್ ಇರುವ ಹಿಟ್ಟು ಹಾಕಿದರೆ ಅದು ಗ್ಯಾಸನ್ನೂ ಹಿಡಿಯುತ್ತದೆ, ಬಿಗಿಯನ್ನೂ ಅಷ್ಟಾಗಿ ಕೆಡಿಸುವುದಿಲ್ಲವಂತೆ. ಸೋಯಾ ಹಿಟ್ಟೋ, ಕಡಲೆಕಾಯಿ ಹಿಂಡಿಯೋ ನೋಡಿ ಅಂದರು. ಹಿಂಡಿ ಅಂದ ಕೂಡಲೇ ನನಗೆ ನಿನ್ನ ಹಸುಗಳು ನೆನಪಾದವು. ನೀನಂತೂ ಕೊಡುವುದಿಲ್ಲ ಅಂತ ಲಗ್ಗೆರೆಯ ಗಾಣದ ಅಂಗಡಿಯಿಂದ ಐದು ಕೆಜಿ ತಂದು, ಒಡೆದು, ಜರಡಿ ಹಿಡಿದು ಬೆರೆಸಿದೆ. ಮುನಿ, ಏನು ಹೇಳಲಿ! ಗ್ಲೂ ರೂಮೆಲ್ಲ ಕಡಲೆಕಾಯಿ ಪರಿಷೆ ಥರ ಘಮಘಮ. ಶಿವರಾಜ್ ಡ್ರಮ್ಮಿಗೆ ಬೆರಳದ್ದಿ ನೆಕ್ಕುವುದಕ್ಕೇ ಹೋದ, ಕೈ ಮೇಲೆ ಹೊಡೆದೆ.

ಒತ್ತಿ ತೆಗೆದರೆ, ಒಂದು ಶೀಟೂ ಹಿಡಿದಿರಲಿಲ್ಲ. ಮೇಲಿನ ಪದರ ಹಿಡಿದು ಎಳೆದೆ, ಪೂರ್ತಿ ಕೈಗೇ ಬಂತು.

ಇನ್ನು ಎಂಟು ವಾರ ಉಳಿದಿದೆ. ಹಿಂಡಿಯ ಬಗ್ಗೆ ಏನಾದರೂ ಗೊತ್ತಿದ್ದರೆ ಹೇಳೋ. ನನಗೆ ಬೇಡ, ಹದಿನಾಲ್ಕು ಜನಕ್ಕೆ ಹೇಳು.

ಕಡಲೆಕಾಯಿ ವಾಸನೆಯ
ಹನುಮಂತರಾಯಪ್ಪ


ವರ್ತೂರು
13 ಜುಲೈ 2025

ಹನುಮಂತರಾಯಪ್ಪನಿಗೆ,

ನಿನ್ನ ತಲೆಯಲ್ಲಿ ಇರುವುದೂ ಹಿಂಡಿಯೇ. ಗಾಣದ ಹಿಂಡಿಯಲ್ಲಿ ಎಣ್ಣೆ ಉಳಿದಿರುತ್ತದೆ. ಎಣ್ಣೆ ಸವರಿದ ಕಡೆ ಅಂಟು ಹಿಡಿಯುತ್ತದೇನೋ? ದೋಸೆ ಕಾವಲಿಗೆ ಎಣ್ಣೆ ಯಾಕೆ ಹಚ್ಚುತ್ತಾರೆ ಅಂತ ಭಾಗ್ಯಮ್ಮನನ್ನು ಕೇಳಬೇಕಾಗಿತ್ತು.

ಎಣ್ಣೆ ಪೂರ್ತಿ ತೆಗೆದ ಹಿಂಡಿ ಬೇರೆ ಬರುತ್ತದೆ. ಒಣಕಲು ಪುಡಿ. ನನ್ನ ಹಸುಗಳು ಅದಕ್ಕೆ ಮೂತಿ ತಿರುಗಿಸುತ್ತವೆ, ಬೂಸಾದಲ್ಲಿ ಕಲಸಿ ಕೊಡಬೇಕು. ಅರ್ಧ ಮೂಟೆ ಹಾಲಿನ ವ್ಯಾನಲ್ಲಿ ಕಳಿಸಿದ್ದೇನೆ. ನುಣ್ಣಗೆ ಬೀಸಿಸು. ಅದು ನೀರು ಜಾಸ್ತಿ ಕುಡಿಯುತ್ತದೆ, ನೋಡಿಕೊಂಡು ಹಾಕು.

ಒತ್ತುವುದು ಹೇಗೆ ಅಂತ ಮಾತ್ರ ಕೇಳಬೇಡ. ನಾನು ಬೇಗ ತೆಗೆಯುವವನು.

ದೊಡ್ಡಮುನಿಯಪ್ಪ

ಅಣ್ಣಾ, ಮೂಟೆಯನ್ನು ಅವರೇ ಹೊತ್ತು ವ್ಯಾನಿಗೆ ಹಾಕಿದರು. ಒಂದು ಮಾತು ಹೇಳಲಾ? ನೆಂಟರ ಮನೆಗೆ ಹೋದರೆ ಇವರು ಮೊದಲು ಬಾಗಿಲು ತಟ್ಟಿ ತಟ್ಟಿ ನೋಡುತ್ತಾರೆ, ಪ್ಲೈವುಡ್ಡಾ ಅಂತ. ಆದರೆ ಯಾರಾದರೂ ಎಲ್ಲಿ ಕೆಲಸದಲ್ಲಿದ್ದೆ ಅಂತ ಕೇಳಿದರೆ ಹಸು ಕಟ್ಟಿದ್ದೀನಿ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಪ್ರೆಸ್ಸಲ್ಲಿ ನಿಂತಿದ್ದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.


ಲಗ್ಗೆರೆ
27 ಜುಲೈ 2025

ಮುನಿ,

ನಿನ್ನ ಹಸುಗಳಿಗೆ ನನ್ನ ಲೆಕ್ಕದಲ್ಲಿ ಒಂದು ಸಲ ಬೆನ್ನು ಸವರು. ಹಿಂಡಿ ಕೆಲಸ ಮಾಡಿತು. ಅರ್ಧ ಮೈದಾ ತೆಗೆದು ಆ ಜಾಗಕ್ಕೆ ಹಿಂಡಿ ಹಿಟ್ಟು ಹಾಕಿ, ಯೂರಿಯಾ ಮೇಡಂ ಹೇಳಿದ ಹಾಗೆ ಒಂದೇ ಮಗ್ಗು ಹಾಕಿದೆ. ಅವರು ಪಕ್ಕದಲ್ಲೇ ನಿಂತು ನನ್ನ ಕೈ ಕಾಯುತ್ತಿದ್ದರು. ಚೆನ್ನಾಗಿದ್ದ ತುಂಡಲ್ಲಿ ನಂಬರ್ ಒಂದೂವರೆ ಹತ್ತಿರಕ್ಕೆ ಬಂತು.

ಆದರೆ ಚೆನ್ನಾಗಿದ್ದ ತುಂಡು ಸಿಕ್ಕಿದ್ದೇ ಕಮ್ಮಿ. ಹಿಂಡಿ ನೀರು ಕುಡಿಯುತ್ತದೆ ಅಂದೆಯಲ್ಲ, ಆ ನೀರು ಪ್ರೆಸ್ಸಿನ ಬಿಸಿಗೆ ಆವಿ ಆಗುತ್ತದೆ. ಶಿವರಾಜ್ ಬಝರ್ ಹೊಡೆದ ಕೂಡಲೇ ಒತ್ತಡವನ್ನು ಒಂದೇ ಸಲ ಬಿಡುತ್ತಾನೆ. ಆವಿ ಒಳಗೇ ಪಟ್ ಅಂತ ಒಡೆದು ಶೀಟಿನ ಮೇಲೆಲ್ಲ ಬೊಬ್ಬೆ. ಪೂರಿ ಉಬ್ಬಿದ ಹಾಗೆ.

ಆ ಬೊಬ್ಬೆಗಳನ್ನು ನೋಡಿಕೊಂಡು ಬಹಳ ಹೊತ್ತು ನಿಂತಿದ್ದೆ. ಇವತ್ತಿಗೆ ತಮಾಷೆ ಸಾಕು. ಗೌರಮ್ಮಾ, ಇದನ್ನು ಕೆಮ್ಮದೆ ಓದು.

ಎರಡು ವರ್ಷದ ಹಿಂದಿನ ಆಯುಧಪೂಜೆ. ಬೆಳಿಗ್ಗೆ ನಾನು ಹಾರ್ಡ್ನರ್ ಹಾಕಿ ಅಂಟು ಕಲಸಿಟ್ಟೆ. ಐನೋರು ಬರುವುದು ತಡವಾಯಿತು. ಪೂಜೆ ಆಗುವವರೆಗೆ ಮಿಷನ್ ಮುಟ್ಟುವಂತಿಲ್ಲ. ಕುಂಬಳಕಾಯಿ ಒಡೆದು, ಪ್ರೆಸ್ಸಿಗೆ ಹೂವು ಹಾಕಿ, ಮಂಗಳಾರತಿ ತೆಗೆಯುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಹಾರ್ಡ್ನರ್ ಬಿದ್ದ ಅಂಟು ಕಾಯುತ್ತದೇನೋ? ಡ್ರಮ್ಮಲ್ಲಿ ಗಟ್ಟಿಯಾಗುತ್ತಿತ್ತು. ಚೆಲ್ಲಬೇಕಾಗಿತ್ತು. ಹಬ್ಬದ ದಿನ ಡ್ರಮ್ಮು ಚೆಲ್ಲಿದರೆ ಸಾಹುಕಾರ್ರು ಏನನ್ನುತ್ತಾರೋ ಅಂತ ನಾನು ಎರಡು ಬಕೆಟ್ ನೀರು ಸುರಿದು, ತಿರುಗಿಸಿ, ತೆಳ್ಳಗೆ ಮಾಡಿ ಕಳಿಸಿದೆ. ಯಾರೂ ನೋಡಲಿಲ್ಲ. ಎಲ್ಲರೂ ಕಡಲೆಪುರಿ ತಿನ್ನುತ್ತಿದ್ದರು.

ನೀನು ಪ್ರೆಸ್ಸನ್ನು ಬೇಗ ತೆಗೆಯಲಿಲ್ಲ. ಸರಿಯಾಗಿಯೇ ತೆಗೆದೆ. ಆ ಮುನ್ನೂರು ಶೀಟು ಉಬ್ಬಿದ್ದು ನನ್ನ ನೀರಿನಿಂದ. ಸಾಹುಕಾರ್ರು ಗ್ಲೂನಾ, ಪ್ರೆಸ್ಸಾ ಅಂತ ಕೇಳಿದರು. ನನ್ನ ಬಾಯಿ ಪ್ರೆಸ್ಸು ಅಂದುಬಿಟ್ಟಿತು. ನೀನು ನನ್ನ ಮುಖ ನೋಡಿದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೆ. ಊರಿಗೆಲ್ಲ ಜೋಕು ಹೇಳುವವನಿಗೆ ಆವತ್ತು ಸತ್ಯ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಇಷ್ಟೇ ಮುನಿ. ನೀನು ಬರದಿದ್ದರೂ ಇದು ನಿನಗೆ ಸೇರಬೇಕಾದ ಕಾಗದ.

ಹನುಮಂತರಾಯಪ್ಪ


ಲಗ್ಗೆರೆ
12 ಆಗಸ್ಟ್ 2025

ಮುನಿ,

ಹದಿನಾರು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ನನ್ನನ್ನು ನೋಡಿದರೆ ಈಗ ಸೈಕಲ್ ತಿರುಗಿಸಿಕೊಂಡು ಹೋಗುತ್ತಾನೆ. ಅವನಿಗೂ ಬ್ಲಾಕ್ ಮಾಡುವುದು ಕಲಿಸಿದೆಯಾ?

ನಿನಗೆ ಬರೆದರೆ ಸಾಲದು ಅನಿಸಿತು. ಆವತ್ತು ಹೇಳಿದ್ದು ಎಲ್ಲರ ಮುಂದೆ ತಾನೇ? ನಿನ್ನೆ ಹತ್ತೂವರೆ ಟೀ ಬಿಟ್ಟಾಗ ಎಲ್ಲರೂ ಶೆಡ್ಡಲ್ಲಿದ್ದರು, ನಂದೀಶ್ ಸಾಹುಕಾರ್ರೂ ಇದ್ದರು. ನಾನು ಖಾಲಿ ಡ್ರಮ್ಮಿನ ಮೇಲೆ ಹತ್ತಿ ನಿಂತೆ. ಶಿವರಾಜ್ "ಅಣ್ಣ ಇವತ್ತು ಸಿನಿಮಾ ತೋರಿಸ್ತಾರೆ!" ಅಂತ ಶಿಳ್ಳೆ ಹೊಡೆದ. ಎರಡು ಬಕೆಟ್ ನೀರಿನ ಕಥೆ ಪೂರ್ತಿ ಹೇಳಿದೆ. ಮೊದಮೊದಲು ನಗುತ್ತಿದ್ದರು, ಕೊನೆಯಲ್ಲಿ ಜೋಕು ಬರುತ್ತದೆ ಅಂತ ಕಾಯುತ್ತಿದ್ದರು. ಕೊನೆಯಲ್ಲಿ ಏನೂ ಬರಲಿಲ್ಲ.

ಸಾಹುಕಾರ್ರು ಗ್ಲಾಸು ಕೆಳಗಿಟ್ಟು, "ಎರಡ್ ವರ್ಷ ಹೆಂಗಣ್ಣ ಊಟ ಮಾಡ್ದೆ?" ಅಂದರು. "ಮಾಡ್ದೆ ಸಾರ್, ರುಚಿ ನೋಡ್ಲಿಲ್ಲ," ಅಂದೆ.

ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. ಅವರು ಎದ್ದು ಹೋಗುತ್ತಾ ಇಷ್ಟೇ ಹೇಳಿದರು: "ಮೊದ್ಲು ಅವರನ್ನ ಕರ್ಸು. ಆಮೇಲೆ ನಿನ್ ವಿಷ್ಯ."

ಇಪ್ಪತ್ತನೇ ತಾರೀಕು ಕಡೆಯ ಟೆಸ್ಟು. ಅಂಟು ತಯಾರಿದೆ. ಒತ್ತುವ ಕೈ ಇಲ್ಲ.

ಹನುಮಂತರಾಯಪ್ಪ


ವರ್ತೂರು
18 ಆಗಸ್ಟ್ 2025

ಅಣ್ಣಾ,

ಈ ಕಾಗದ ನಿಮಗೆ ಸೇರುವುದಕ್ಕೆ ಮುಂಚೆಯೇ ಅವರು ಅಲ್ಲಿಗೆ ಸೇರಿರುತ್ತಾರೆ. ಆ ದೊಡ್ಡ ಕಾಗದವನ್ನು ಅವರಿಗೆ ಕೆಮ್ಮದೆ ಓದಿ ಹೇಳಿದೆ. ನಾಲ್ಕು ದಿನ ಹಸುಗಳ ಜೊತೆಯೇ ಇದ್ದರು. ಆಮೇಲೆ ಬಂದ ಕಾಗದದಲ್ಲಿ ನೀವು ಡ್ರಮ್ಮಿನ ಮೇಲೆ ಹತ್ತಿದ್ದು ಓದಿದಾಗ, "ಎಲ್ರ ಮುಂದೂ ಯೋಳಿದ್ನಾ? ಇನ್ನೊಂದ್ಸಲ ಓದು," ಅಂದರು. ಓದಿದೆ. ಇವತ್ತು ಬೆಳಿಗ್ಗೆ ಹಾಲು ಕರೆದು, ಹಳೇ ಖಾಕಿ ಅಂಗಿ ಹಾಕಿಕೊಂಡು ಮಾರತ್ತಹಳ್ಳಿ ಬಸ್ಸು ಹತ್ತಿದರು. ಗುಂಡಿ ಹಾಕುವುದಕ್ಕೇ ಆಗುತ್ತಿರಲಿಲ್ಲ, ಹೊಟ್ಟೆ ಬಂದಿದೆ.

ಅವರ ಮುಂದೆ ಅಳಬೇಡಿ ಅಣ್ಣಾ. ಅವರೂ ಅಳುತ್ತಾರೆ, ಆಮೇಲೆ ನಾಚಿಕೆಯಾಗಿ ವಾಪಸ್ ಬಂದುಬಿಡುತ್ತಾರೆ.

ನಿಮ್ಮ ತಂಗಿ
ಗೌರಮ್ಮ


ಲಗ್ಗೆರೆ
14 ಸೆಪ್ಟೆಂಬರ್ 2025

ತಂಗಿ ಗೌರಮ್ಮನಿಗೆ,

ಈ ಸಲ ಕಾಗದ ನಿನಗೇ. ನಿನ್ನ ಗಂಡನನ್ನು ಏನಾಯಿತು ಅಂತ ಕೇಳಿದರೆ "ಆಯ್ತು" ಅನ್ನುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಆ ಒಂದು ಆಯ್ತಿನೊಳಗೆ ಏನೇನಿತ್ತು ಅಂತ ನಿನಗೆ ಗೊತ್ತಾಗಬೇಡವಾ?

ಆವತ್ತು ಹತ್ತು ಗಂಟೆಗೆ ಒಳಗೆ ಬಂದ. ನನ್ನ ಕಡೆ ನೋಡಲಿಲ್ಲ. ಸಾಹುಕಾರ್ರು ಎದ್ದು ನಿಂತು "ಮುನಿಯಪ್ಪಣ್ಣ, ನಮ್ಮಿಂದ ತಪ್ಪಾಯ್ತು" ಅಂದರೆ ತಲೆ ಅಲ್ಲಾಡಿಸಿದ, ಅಷ್ಟೇ. ಸೀದಾ ಪ್ರೆಸ್ಸಿನ ಹತ್ತಿರ ಹೋಗಿ ಪಕ್ಕದ ಕಂಬದ ಮೇಲೆ ಅಂಗೈ ಇಟ್ಟ. ಡಾಕ್ಟರು ಹಣೆ ಮುಟ್ಟಿದ ಹಾಗೆ. ಆಮೇಲೆ ನನ್ನ ಡ್ರಮ್ಮಿಗೆ ಕೋಲು ಹಾಕಿ ಎತ್ತಿ, ಅಂಟು ಇಳಿಯುವುದನ್ನು ನೋಡಿದ. ಎರಡು ವರ್ಷ ಆದಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಏನು ಗೊತ್ತಾ?

"ಗಂಟು ಐತೆ ಕಣ್ಲಾ. ಸರ್ಯಾಗ್ ಕಲ್ಸು."

ಅಳಬೇಡಿ ಅಂದ ನಿನ್ನ ಕಾಗದ ಆವತ್ತಿಗಿನ್ನೂ ಬಂದಿರಲಿಲ್ಲ, ಆದರೂ ನಾನು ಅಳಲಿಲ್ಲ. ಗ್ಲೂ ರೂಮಲ್ಲಿ ಹಿಂಡಿ ಧೂಳು ಜಾಸ್ತಿ, ಕಣ್ಣಿಗೆ ಬಿತ್ತು.

ಮೊದಲ ಲಾಟು ಒಳಗೆ ಹೋಯಿತು. ಬಝರ್ ಹೊಡೆಯಿತು. ಶಿವರಾಜ್ ಹಿಡಿಕೆಗೆ ಕೈ ಹಾಕಿದ.

"ಏಯ್, ಬುಡು. ಮುಟ್ಬ್ಯಾಡ."

"ಅಣ್ಣ, ಬಝರ್ ಆಯ್ತಲ್ಲ?"

"ಬಝರ್‌ಗೇನ್ ಒಳಗಿರೋ ಆವಿ ಕಾಣ್ತದೇನ್ಲಾ? ಬಿಸಿ ಅನ್ನದ ಡಬ್ಬಿ ತೆಗ್ಯೋವಾಗ ಮುಚ್ಳ ಒಂದೇ ಏಟ್ಗೆ ಕೀಳ್ತೀಯಾ? ಒಂಚೂರ್ ಸಡ್ಲ ಮಾಡ್ತೀಯ ತಾನೆ?"

ಇನ್ನೂ ಒಂದು ನಿಮಿಷ ಕಾದ. ಹಿಡಿಕೆಯನ್ನು ಒಂದು ಕೂದಲಷ್ಟು ತಿರುಗಿಸಿದ. ಸುಸ್ಸ್ ಅಂತು. ನಿಲ್ಲಿಸಿದ. ಕಿವಿ ಕೊಟ್ಟ. ಮತ್ತೆ ಒಂದು ಕೂದಲು. ಹೀಗೆ ಮೂರು ಸಲ ಅದಕ್ಕೆ ಉಸಿರು ಬಿಡಿಸಿ, ಆಮೇಲೆ ಪೂರ್ತಿ ತೆಗೆದ. ಹದಿನಾಲ್ಕು ಜನ ಪ್ರೆಸ್ಸಿಗೆ ತಲೆ ತೂರಿಸಿ ನೋಡಿದೆವು. ಯಾವ ಶೀಟಲ್ಲೂ ಒಂದು ಬೊಬ್ಬೆಯೂ ಇಲ್ಲ. ಕೆರೆ ನೀರು ನಿಂತ ಹಾಗೆ ಮಟ್ಟಸ. ನಿಮ್ಮ ವರ್ತೂರು ಕೆರೆಯಲ್ಲ ಮತ್ತೆ, ನೊರೆ ಇಲ್ಲದ ಕೆರೆ.

ಶೈಲಜಾ ಮೇಡಂ ಚೂರುಗಳನ್ನು ಬಿಸಿನೀರಿಗೆ ಹಾಕಿದರು. ಮೂರು ಗಂಟೆ ಬಿಟ್ಟು ತೆಗೆದು, ಪದರದ ಸಂದಿಗೆ ಉಳಿ ಇಟ್ಟು ಮೀಟಿದರು. ಮರ ಹರಿಯಿತು, ಅಂಟು ಬಿಡಲಿಲ್ಲ! ಸಾಹುಕಾರ್ರು "ಇನ್ನೊಂದ್ಸಲ" ಅಂದರು. ಇನ್ನೊಂದು ಸಲವೂ ಮರವೇ ಹರಿಯಿತು.

ಉಳಿದಿದ್ದು ಗ್ಯಾಸಿನ ಟೆಸ್ಟು. ಜಾಡಿ ಮುಚ್ಚಿಟ್ಟು ಮಾರನೆಯ ದಿನದವರೆಗೆ ಕಾಯಬೇಕು. ಆ ರಾತ್ರಿ ನಿನ್ನ ಗಂಡ ನಮ್ಮ ಮನೆಯಲ್ಲೇ ಉಳಿದಿದ್ದ. ಭಾಗ್ಯಮ್ಮ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಏನು ಮಾತಾಡಿದೆವು ಅಂತ ಕೇಳಬೇಡ. ಜಾಸ್ತಿ ಏನೂ ಇಲ್ಲ. ನಾನು ಒಂದು ಸಲ "ಮುನಿ..." ಅಂತ ಶುರು ಮಾಡಿದೆ. ಅವನು "ಕಾಗ್ದದಾಗೆ ಓದ್ಸ್ಕೊಂಡಿದೀನಿ, ಮುದ್ದೆ ತಣ್ಗಾಗ್ತದೆ ಉಣ್ಣು," ಅಂದ. ಆವತ್ತಿನ ಸಾರಿಗೆ ಉಪ್ಪು ಒಂದು ಕಲ್ಲು ಜಾಸ್ತಿಯಾಗಿತ್ತು. ಎರಡು ವರ್ಷದ ಮೇಲೆ ನನಗೆ ಗೊತ್ತಾದ ಮೊದಲ ರುಚಿ ಅದು. ಭಾಗ್ಯಮ್ಮನಿಗೆ ಹೇಳಬೇಡ.

ಮಾರನೆಯ ದಿನ ಮೇಡಂ ಲ್ಯಾಬಿನ ಬಾಗಿಲು ತೆಗೆದು ಹೊರಗೆ ಬಂದರು. ಮುಖದಲ್ಲಿ ಏನೂ ತೋರಿಸುತ್ತಿಲ್ಲ. ಹದಿನಾಲ್ಕು ಜನರೂ ಉಸಿರು ಬಿಗಿ ಹಿಡಿದಿದ್ದೇವೆ, ನಮಗೂ ಯಾರಾದರೂ ಮೂರು ಸಲ ಬಿಡಿಸಬೇಕು ಅನ್ನುವಷ್ಟು.

"ಒಂದು ಪಾಯಿಂಟ್ ಒಂದು ಬಂದೈತ್ರೀ!"

ಗೌರಮ್ಮಾ, ಪೀಣ್ಯದಲ್ಲಿ ಅಷ್ಟು ಗಲಾಟೆ ಸಂಬಳದ ದಿನವೂ ಆಗುವುದಿಲ್ಲ. ಪಕ್ಕದ ಶೆಡ್ಡಿನವರು ಯಾರದೋ ಕೈ ಮಿಷನ್‌ಗೆ ಸಿಕ್ಕಿಕೊಂಡಿತು ಅಂತ ಓಡಿ ಬಂದರು. ಶಿವರಾಜ್ ನಿನ್ನ ಗಂಡನನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡು ಕೂತ. ಸಾಹುಕಾರ್ರು ಗೋಡೌನ್ ಪಾರ್ಟಿಗೆ ಎಲ್ಲರ ಮುಂದೆಯೇ ಫೋನ್ ಮಾಡಿ "ಶೆಡ್ಡು ಕೊಡಲ್ಲ ಕಣ್ರೀ, ಪ್ರೆಸ್ಸು ಓಡ್ತಾ ಇದೆ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ವಿಷಯ ಆಮೇಲೆ ಅಂದಿದ್ದರಲ್ಲ. ನಾನು ತಲೆ ತಗ್ಗಿಸಿದೆ. ಅವರು ಏನಾದರೂ ಹೇಳುವುದಕ್ಕೆ ಮುಂಚೆ ನಿನ್ನ ಗಂಡ ಅಡ್ಡ ಬಂದ.

"ಅಂಟು ಇವ್ನೇ ಕಲಸ್ಬೇಕು ಸಾಮಿ. ಬೇರೆಯೋರ್ ಕಲ್ಸಿದ್ರೆ ನಾನ್ ಒತ್ತಲ್ಲ."

ಅಷ್ಟೇ. ನನ್ನ ವಿಷಯ ಮುಗಿಯಿತು.

ಮೊನ್ನೆ ಶುಕ್ರವಾರ ಹೊಸ ಹಲಗೆಯ ಶೆಲ್ಫುಗಳು ಸ್ಕೂಲಿಗೆ ಹೋದವು. ಹಸು ಕರು ಹಾಕುವ ಹೊತ್ತು ಅಂತ ನಿನ್ನ ಗಂಡ ಬರಲಿಲ್ಲ, ಅದಕ್ಕೇ ಇದನ್ನು ಅವನಿಗೆ ನೀನೇ ಗಟ್ಟಿಯಾಗಿ ಓದಿ ಹೇಳು. ಶ್ಯಾಮಲಾ ಅಂತ ಅಲ್ಲಿನ ಟೀಚರು. ಬಹಳ ಅನುಮಾನದ ಹೆಂಗಸು, ಬೆಡ್‌ಶೀಟುಗಳನ್ನು ಪಕ್ಕದಲ್ಲೇ ಮಡಚಿ ಇಟ್ಟುಕೊಂಡಿದ್ದರು. ಶೆಲ್ಫು ನಿಲ್ಲಿಸಿದ ಮೇಲೆ ಕಿಟಕಿ ಬಾಗಿಲೆಲ್ಲ ಮುಚ್ಚಿಸಿದರು. ಅರ್ಧ ಗಂಟೆ ಬಿಟ್ಟು ಮೊದಲು ತಾವು ಹೋಗಿ ಒಂದು ಸುತ್ತು ಮೂಸಿಕೊಂಡು ಬಂದರು. ಆಮೇಲೆ ಮಕ್ಕಳನ್ನು ಬಿಟ್ಟರು.

ಇಪ್ಪತ್ತು ಮಕ್ಕಳು ಕಣಮ್ಮ, ಹಲಸಿನ ಬೀಜದಷ್ಟು ಎತ್ತರ. ಶೆಲ್ಫಿಗೆ ಮೂಗು ಒತ್ತಿ ನಿಂತರು. ಜಾಡಿ, ನಂಬರ್, ಉಳಿ ಎಲ್ಲ ಆಗಿದೆ, ಆದರೆ ನಿಜವಾದ ಟೆಸ್ಟು ಆ ಇಪ್ಪತ್ತು ಮೂಗು.

ಟೀಚರು ಕೇಳಿದರು: "ಏನ್ ಸ್ಮೆಲ್ ಬರ್ತಿದೆ ಮಕ್ಳೇ?"

ಎರಡು ಜುಟ್ಟಿನ ಒಂದು ಹುಡುಗಿ ಇನ್ನೊಂದು ಸಲ ಜೋರಾಗಿ ಮೂಸಿತು. ಹಿಂದಕ್ಕೆ ತಿರುಗಿ ಎರಡೂ ಕೈ ಎತ್ತಿ ಕೂಗಿತು:

"ಏನೂ ಇಲ್ಲಾ...!"

ಉಳಿದ ಹತ್ತೊಂಬತ್ತೂ ಅದನ್ನೇ ಹಾಡು ಮಾಡಿಕೊಂಡು ಕುಣಿದವು. ಇಷ್ಟು ವರ್ಷದ ಕೆಲಸಕ್ಕೆ ಜನ ನನ್ನನ್ನು ಏನೇನೋ ಅಂದು ಹೊಗಳಿದ್ದಾರೆ ಗೌರಮ್ಮ. ಇಷ್ಟು ದೊಡ್ಡ ಬಿರುದು ಯಾರೂ ಕೊಟ್ಟಿರಲಿಲ್ಲ. ಅದರಲ್ಲಿ ಅರ್ಧ ನಿನ್ನ ಗಂಡನದು. ಕರುವಿಗೆ ಹಾಲು ಕುಡಿಸಿದ ಮೇಲೆ ಅವನ ಕಿವಿಯ ಹತ್ತಿರ ಹೋಗಿ, ಆ ಹುಡುಗಿ ಕೂಗಿದ ಹಾಗೆಯೇ ಕೂಗು.

ನಿನ್ನ ಅಣ್ಣ
ಹನುಮಂತರಾಯಪ್ಪ